ನೀರಿಗಿಳಿಯುವ ಮುನ್ನ ಕೇಳಬೇಕಾದ ಪ್ರಶ್ನೆಗಳು: ಕೆರಿಬಿಯನ್ ಸ್ಕೂಬಾ ಚರಿತ್ರೆಯಿಂದ ಕೆಲವು ಪಾಠಗಳು



‘ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು’ ಎಂಬ ಗಾದೆಯನ್ನು ಕೇಳಿ ಬೆಳೆದವರು ನಾವು. ಕೈಹಾಕಿದ ಕೆಲಸದಲ್ಲಿ ಹಿಂಜರಿಯಬಾರದೆಂಬುದು ಅದರ ಇಂಗಿತ. ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ಅರುವತ್ತು ಅಡಿ ಆಳದ ಕಡಲಿಗೆ ಇಳಿಯುವವರು ಮಾತ್ರ ಈ ಗಾದೆಯನ್ನು ತುಸು ಬೇರೆಯಾಗಿ ಓದಿಕೊಳ್ಳಬೇಕಾಗುತ್ತದೆ. ಇಳಿದ ಮೇಲೆ ಬಾಯಲ್ಲಿ ಉಸಿರಾಟದ ನಳಿಗೆ ಇರುತ್ತದೆ, ಮಾತಿಗೆ ಅವಕಾಶವಿಲ್ಲ. ಕೇಳಬೇಕಾದುದನ್ನೆಲ್ಲ ದಡದಲ್ಲಿಯೇ ಕೇಳಿ ಮುಗಿಸಬೇಕು.

ಉತ್ತರ ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಿಗೆ ಚಳಿಗಾಲದ ರಜೆಯಲ್ಲಿ ಕೆರಿಬಿಯನ್ ದ್ವೀಪಗಳು ದೂರದ ಊರುಗಳೇನಲ್ಲ. ಇಲ್ಲಿ ಬೆಳೆದ ಮಕ್ಕಳು ಎಳವೆಯಲ್ಲಿಯೇ ಈಜು ಕಲಿತು, ಸ್ಕೂಬಾ ಕಲಿಯಬೇಕೆಂದು ಹಟ ಹಿಡಿಯುತ್ತಾರೆ. ನಮ್ಮ ಪೀಳಿಗೆಯಲ್ಲಿಯಾದರೋ ಕಡಲನ್ನು ದಡದಿಂದಲೇ ನೋಡಿದವರು ಬಹಳ ಮಂದಿ. ಹೀಗಾಗಿ ಯಾವ ಡೈವ್ ಸಂಸ್ಥೆಯೊಂದಿಗೆ ಮಕ್ಕಳನ್ನು ಕಳುಹಿಸಬೇಕು ಎಂಬ ಪ್ರಶ್ನೆ ಬಂದಾಗ, ಬಣ್ಣದ ಚಿತ್ರಗಳನ್ನೂ ದರಪಟ್ಟಿಯನ್ನೂ ನೋಡಿ ತೀರ್ಮಾನಿಸಿಬಿಡುತ್ತೇವೆ. ಈ ಆಯ್ಕೆಗೆ ದರಪಟ್ಟಿಗಿಂತ ಉತ್ತಮವಾದ ಮಾರ್ಗದರ್ಶಿ ಚರಿತ್ರೆ ಎಂಬುದು ಈ ಉಪನ್ಯಾಸದ ಪ್ರತಿಪಾದನೆ. ಡೈವಿಂಗಿನ ನಿಯಮಗಳಲ್ಲಿ ಹೆಚ್ಚಿನವು ಯಾರದೋ ದೇಹ ತೆತ್ತ ಬೆಲೆಯಿಂದ ಹುಟ್ಟಿದವು. ಆ ಬೆಲೆಯನ್ನು ಅರಿತವರಿಗೆ ಯಾವ ಪ್ರಶ್ನೆ ಕೇಳಬೇಕೆಂಬುದು ತಾನಾಗಿಯೇ ಹೊಳೆಯುತ್ತದೆ.

ಈ ಚರಿತ್ರೆಯ ಮೊದಲ ಅಧ್ಯಾಯ ನಡೆದುದು ಕಡಲಿನಲ್ಲಲ್ಲ, ನದಿಗಳ ತಳದಲ್ಲಿ. 1870ರ ದಶಕದಲ್ಲಿ ಅಮೆರಿಕದ ದೊಡ್ಡ ಸೇತುವೆಗಳ ಅಡಿಪಾಯಕ್ಕಾಗಿ ‘ಕೈಸನ್’ ಎಂಬ ಬೃಹತ್ ಪೆಟ್ಟಿಗೆಗಳನ್ನು ನದಿಯ ತಳಕ್ಕೆ ಇಳಿಸಿ, ಅವುಗಳೊಳಗೆ ಒತ್ತಡದ ಗಾಳಿಯನ್ನು ತುಂಬಿ, ಕೆಲಸಗಾರರಿಂದ ಮಣ್ಣು ತೋಡಿಸುತ್ತಿದ್ದರು. ಮೇಲೆ ಬಂದ ಕೆಲಸಗಾರರಲ್ಲಿ ಹಲವರು ಕೀಲುನೋವಿನಿಂದ ಒದ್ದಾಡಿದರು. ಕೆಲವರಿಗೆ ಕೈಕಾಲು ಬಿದ್ದುಹೋದವು. ಸೇಂಟ್ ಲೂಯಿಸ್ ನಗರದ ಈಡ್ಸ್ ಸೇತುವೆಯ ಕಾಮಗಾರಿಯಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಹೀಗೆ ಸತ್ತರು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ಇದೇ ಬೇನೆಗೆ ತುತ್ತಾದನು. ಅವನು ಕೋಣೆಯಲ್ಲಿ ಉಳಿದಾಗ ಪತ್ನಿ ಎಮಿಲಿ ಅವನ ಸೂಚನೆಗಳನ್ನು ಕೆಲಸದ ಸ್ಥಳಕ್ಕೆ ಒಯ್ದಳು. 1883ರಲ್ಲಿ ಸೇತುವೆ ಪೂರ್ಣಗೊಂಡಿತು.

1878ರಲ್ಲಿ ಫ್ರಾನ್ಸಿನ ಶರೀರವಿಜ್ಞಾನಿ ಪಾಲ್ ಬೇರ್ ಈ ಬೇನೆಯ ಕಾರಣವನ್ನು ವಿವರಿಸಿದನು. ನೀರಿನಲ್ಲಿ ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕವು ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಕರಗುತ್ತದೆ. ಬೇಗನೆ ಮೇಲೇರಿದರೆ, ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಗುಳ್ಳೆಗಳು ಉಕ್ಕುವಂತೆ, ಅದು ದೇಹದೊಳಗೆ ಗುಳ್ಳೆಗಟ್ಟುತ್ತದೆ. ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪ್ರಯೋಗಗಳನ್ನು ನಡೆಸಿ, ಹಂತಹಂತವಾಗಿ ಮೇಲೇರುವ ಕೋಷ್ಟಕಗಳನ್ನು ತನ್ನ ಸಹೋದ್ಯೋಗಿಗಳೊಡನೆ 1908ರಲ್ಲಿ ಪ್ರಕಟಿಸಿದನು.

ಈ ಚರಿತ್ರೆಯಿಂದ ನಮ್ಮ ಮೊದಲ ಪ್ರಶ್ನೆಗಳು ಹುಟ್ಟುತ್ತವೆ. ಮಾರ್ಗದರ್ಶಕನು ನಿಮಿಷಕ್ಕೆ ಸುಮಾರು 9 ಮೀಟರಿಗಿಂತ ವೇಗವಾಗಿ ಮೇಲೇರದಂತೆ ನೋಡಿಕೊಳ್ಳುವನೆ? 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲಿಸುವನೆ? ದೋಣಿಯಲ್ಲಿ ಶುದ್ಧ ಆಮ್ಲಜನಕದ ಸಿಲಿಂಡರ್ ಇದೆಯೆ, ಅದನ್ನು ಬಳಸಬಲ್ಲವರು ದೋಣಿಯಲ್ಲಿ ಇರುತ್ತಾರೆಯೆ? ಗುಳ್ಳೆಗಳ ಬೇನೆಗೆ ಚಿಕಿತ್ಸೆ ನೀಡುವ ಒತ್ತಡದ ಕೋಣೆ ಯಾವ ದ್ವೀಪದಲ್ಲಿದೆ, ಅದು ಈಗ ಕೆಲಸ ಮಾಡುತ್ತಿದೆಯೆ? ಹಲವು ದಿನ ಮುಳುಗಿದವರು ವಿಮಾನ ಏರುವ ಮುನ್ನ ಕನಿಷ್ಠ 18 ಗಂಟೆ ಕಾಯಬೇಕೆಂಬುದು ಇಂದಿನ ಮಾರ್ಗಸೂಚಿ. ಹೊರಡುವ ದಿನ ಬೆಳಿಗ್ಗೆ ‘ಇನ್ನೊಂದು ಬಾರಿ ಇಳಿಯಿರಿ’ ಎನ್ನುವ ಸಂಸ್ಥೆಯ ಬಗ್ಗೆ ಹೆಚ್ಚಿನ ವಿಚಾರಣೆಯೇ ಬೇಡ.

ಎರಡನೆಯ ಅಧ್ಯಾಯಕ್ಕೆ ಬರೋಣ. 1943ರಲ್ಲಿ ನೌಕಾಧಿಕಾರಿ ಝಾಕ್ ಕುಸ್ಟೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್, ಜರ್ಮನರ ವಶದಲ್ಲಿದ್ದ ಫ್ರಾನ್ಸಿನಲ್ಲಿ, ಸುತ್ತಲಿನ ನೀರಿನ ಒತ್ತಡಕ್ಕೆ ಹೊಂದುವಂತೆ ಗಾಳಿಯನ್ನು ಬಾಯಿಗೆ ಒದಗಿಸುವ ‘ಅಕ್ವಾಲಂಗ್’ ಉಪಕರಣವನ್ನು ರೂಪಿಸಿದರು. ಯುದ್ಧದ ತರುವಾಯ ಅದು ಅಂಗಡಿಗಳಿಗೆ ಬಂದಿತು. ಹಣವಿದ್ದವರು ಕೊಂಡರು, ಕೊಂಡವರು ಮುಳುಗಿದರು; ಕಲಿಸುವವರೇ ವಿರಳವಾಗಿದ್ದರು. ಉಸಿರು ಬಿಗಿಹಿಡಿದು ಮೇಲೇರಿದರೆ, ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿಯಬಹುದು. ಇದಕ್ಕೆ ಈಜುಕೊಳದಷ್ಟು ಆಳವೇ ಸಾಕು. ತಿಳಿಯದವರಿಗೆ ಕಲಿಸಲೇಬೇಕೆಂಬ ಅರಿವಿನಿಂದ 1959ರಲ್ಲಿ ವೈಎಂಸಿಎ ರಾಷ್ಟ್ರೀಯ ತರಬೇತಿಯನ್ನು ಆರಂಭಿಸಿತು. 1960ರಲ್ಲಿ ನಾವಿ, 1966ರಲ್ಲಿ ಪ್ಯಾಡಿ ಎಂಬ ಶಿಕ್ಷಕರ ಸಂಸ್ಥೆಗಳು ಹುಟ್ಟಿದವು. ಇಂದು ಡೈವ್ ಅಂಗಡಿಗಳು ಕೇಳುವ ಪ್ರಮಾಣಪತ್ರದ ಚೀಟಿ ಇಂತಹ ಸಂಸ್ಥೆಗಳ ಕೊಡುಗೆ.

ಆದುದರಿಂದ ನಾವು ಕೇಳುವ ಪ್ರಶ್ನೆಗಳಷ್ಟೇ ಮುಖ್ಯವಾದುವು ಸಂಸ್ಥೆಯವರು ನಮ್ಮನ್ನು ಕೇಳುವ ಪ್ರಶ್ನೆಗಳು. ಚೀಟಿ ಎಲ್ಲಿ, ಕೊನೆಯ ಬಾರಿ ಮುಳುಗಿದ್ದು ಯಾವಾಗ, ಆಸ್ತಮಾ ಇದೆಯೆ, ಹೃದಯದ ತೊಂದರೆ ಇದೆಯೆ ಎಂದು ವಿಚಾರಿಸದೆ ಹಣ ಪಡೆದು ದೋಣಿ ಹತ್ತಿಸುವವರು ಸ್ನೇಹಪರರಂತೆ ಕಂಡರೂ ನಂಬಿಕೆಗೆ ಅರ್ಹರಲ್ಲ. ಡೈವಿಂಗ್ ಸಾವುಗಳಲ್ಲಿ ಹೃದಯದ ಕಾಯಿಲೆ ಒಂದು ಪ್ರಮುಖ ಕಾರಣ. ದಕ್ಷಿಣ ಏಷ್ಯಾ ಮೂಲದವರಲ್ಲಿ ಹೃದ್ರೋಗ ಹೆಚ್ಚು, ಅದು ಬೇಗನೆ ಬರುತ್ತದೆ ಎಂಬುದನ್ನೂ ವೈದ್ಯರಿಂದ ಕೇಳಿದ್ದೇವೆ. ಐವತ್ತು ದಾಟಿದ ತಂದೆತಾಯಿಗಳು ಮಕ್ಕಳ ಉತ್ಸಾಹಕ್ಕೆ ಮಣಿದು ಆರೋಗ್ಯದ ಪ್ರಶ್ನಾವಳಿಗೆಲ್ಲ ‘ಇಲ್ಲ’ ಎಂದು ಬರೆಯುವುದು ಸಲ್ಲದು.

ಇನ್ನು ಕೆರಿಬಿಯನ್ನಿನ ಮಾತು. 1957ರಲ್ಲಿ ಬಾಬ್ ಸೋಟೋ ಗ್ರ್ಯಾಂಡ್ ಕೇಮನ್ ದ್ವೀಪದಲ್ಲಿ ತೆರೆದ ಅಂಗಡಿಯನ್ನು ಆ ಪ್ರದೇಶದ ಮೊದಲ ಪ್ರವಾಸಿ ಡೈವ್ ಅಂಗಡಿ ಎಂದು ಗುರುತಿಸುತ್ತಾರೆ. 1962ರಲ್ಲಿ ಡಾನ್ ಸ್ಟೂವರ್ಟ್ ಎಂಬ ಅಮೆರಿಕನ್ ನಾವಿಕನು ತನ್ನ ಹಾಯಿಹಡಗಿನಲ್ಲಿ ಬೊನೇರ್ ದ್ವೀಪ ಸೇರಿ, ಅಲ್ಲಿಯೇ ನೆಲೆನಿಂತು ‘ಕ್ಯಾಪ್ಟನ್ ಡಾನ್’ ಎಂದು ಹೆಸರಾದನು. ಅಂದು ಅನೇಕರ ಬಳಿ ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಎಂದು ತೋರಿಸುವ ಮಾಪಕವೂ ಇರಲಿಲ್ಲ. ಉಸಿರು ಬಿಗಿಯಾದಾಗ ಒಂದು ಸನ್ನೆಯನ್ನು ಎಳೆದು, ಕಾದಿರಿಸಿದ ಅಲ್ಪ ಗಾಳಿಯಿಂದ ಮೇಲೆ ಬರಬೇಕಾಗಿತ್ತು. ಮಾಪಕ, ತೇಲುವಿಕೆಯನ್ನು ಹತೋಟಿಯಲ್ಲಿಡುವ ಜಾಕೆಟ್, ಸಂಗಾತಿಯ ಗಾಳಿ ಮುಗಿದರೆ ಕೊಡಲು ಎರಡನೆಯ ಬಾಯಿನಳಿಗೆ ಇವೆಲ್ಲ ತರುವಾಯ ರೂಢಿಗೆ ಬಂದವು. ಬಾಡಿಗೆಯ ಉಪಕರಣಗಳಲ್ಲಿ ಈ ಮೂರೂ ಇವೆಯೆ, ಕೊನೆಯ ದುರಸ್ತಿ ಎಂದು ನಡೆಯಿತು, ಸಿಲಿಂಡರಿಗೆ ತುಂಬುವ ಗಾಳಿಯ ಪರೀಕ್ಷಾಪತ್ರ ಇದೆಯೆ ಎಂದು ಕೇಳಬೇಕು. ಗಾಳಿಯಂತ್ರದ ಬಳಿ ಎಂಜಿನ್ನಿನ ಹೊಗೆ ಸುಳಿದರೆ ಅದರಲ್ಲಿನ ಕಾರ್ಬನ್ ಮಾನಾಕ್ಸೈಡ್ ಸಿಲಿಂಡರನ್ನು ಸೇರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಆಳದ ವಿಷಯದಲ್ಲಿ ಬೆಲೀಜ್ ದೇಶದ ‘ಬ್ಲೂ ಹೋಲ್’ ಒಳ್ಳೆಯ ಒರೆಗಲ್ಲು. ಕುಸ್ಟೋ 1970ರ ದಶಕದ ಆರಂಭದಲ್ಲಿ ಅದನ್ನು ಲೋಕಪ್ರಸಿದ್ಧಗೊಳಿಸಿದನು. ಜನ ನೋಡಬಯಸುವ ಸುಣ್ಣಕಲ್ಲಿನ ತೂಗುಕಂಬಗಳಿರುವುದು ಸುಮಾರು 40 ಮೀಟರ್ ಆಳದಲ್ಲಿ. ಮನರಂಜನೆಯ ಡೈವಿಂಗಿಗೆ ಅದೇ ಕಟ್ಟಕಡೆಯ ಮಿತಿ. ಮೊದಲ ಹಂತದ ಪ್ರಮಾಣಪತ್ರ ಪಡೆದವರಿಗೆ 18 ಮೀಟರ್, ಹತ್ತು-ಹನ್ನೊಂದು ವರ್ಷದ ಮಕ್ಕಳಿಗೆ 12 ಮೀಟರ್ ಎಂಬುದು ಪ್ಯಾಡಿಯ ಮಿತಿ. ಹೊಸಬರನ್ನು ಅಷ್ಟು ಆಳಕ್ಕೆ ಒಯ್ಯುವಿರಾ ಎಂದು ಕೇಳಿ ನೋಡಬೇಕು. ‘ಇಲ್ಲ’ ಎಂದು ಗಿರಾಕಿಯನ್ನು ಕಳೆದುಕೊಳ್ಳಲು ಸಿದ್ಧವಿರುವವರನ್ನೇ ಆರಿಸಬೇಕು.

ಮತ್ತೊಂದು ಪಾಠಕ್ಕಾಗಿ ಕೆರಿಬಿಯನ್ನಿನಿಂದ ಆಸ್ಟ್ರೇಲಿಯಕ್ಕೆ ಹೋಗಬೇಕು. 1998ರ ಜನವರಿ 25ರಂದು ಗ್ರೇಟ್ ಬ್ಯಾರಿಯರ್ ರೀಫಿನ ಬಳಿ ಒಂದು ಡೈವ್ ದೋಣಿ, ಇಬ್ಬರು ಅಮೆರಿಕನ್ ಪ್ರವಾಸಿಗಳು ಇನ್ನೂ ನೀರಿನಲ್ಲಿರುವಾಗಲೇ ದಡಕ್ಕೆ ಮರಳಿತು. ತಲೆ ಎಣಿಕೆಯಲ್ಲಿ ತಪ್ಪಾಗಿತ್ತು. ಎರಡು ದಿನಗಳ ಬಳಿಕ ಅವರ ಸಾಮಾನು ದೋಣಿಯಲ್ಲಿಯೇ ಉಳಿದುದನ್ನು ಕಂಡಾಗ ವಿಷಯ ತಿಳಿಯಿತು. ಅವರು ಮತ್ತೆ ದೊರೆಯಲಿಲ್ಲ. ಕೊಜುಮೆಲ್ ದ್ವೀಪದಂತೆ ಪ್ರವಾಹದೊಡನೆ ತೇಲುತ್ತ ಸಾಗುವ ಕಡೆಗಳಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಹೆಸರು ಕರೆದು ಎಣಿಸುವವರು ಯಾರು, ಎಲ್ಲರೂ ನೀರಿಗಿಳಿದಾಗ ದೋಣಿಯಲ್ಲಿ ನುರಿತವನೊಬ್ಬ ಉಳಿಯುವನೆ ಎಂಬುದು ಸಣ್ಣ ಪ್ರಶ್ನೆಯೇನಲ್ಲ.

ಕಡೆಯದಾಗಿ, ಕಡಲಿನ ಯೋಗಕ್ಷೇಮ. ಬೊನೇರ್ 1971ರಲ್ಲಿ ಈಟಿಯಿಂದ ಮೀನು ಹೊಡೆಯುವುದನ್ನು ನಿಷೇಧಿಸಿತು. 1979ರಲ್ಲಿ ತನ್ನ ಸುತ್ತಲಿನ ಕಡಲನ್ನು 60 ಮೀಟರ್ ಆಳದವರೆಗೆ ರಕ್ಷಿತ ಉದ್ಯಾನವಾಗಿಸಿತು. ಹಣ ಸಾಲದೆ 1980ರ ದಶಕದಲ್ಲಿ ಉದ್ಯಾನ ಕಾಗದದ ಮೇಲಷ್ಟೇ ಉಳಿಯಿತು. 1992ರಲ್ಲಿ ಪ್ರತಿ ಮುಳುಗುಗಾರನಿಂದ 10 ಡಾಲರ್ ಶುಲ್ಕ ಪಡೆಯತೊಡಗಿದ ಮೇಲೆ ಅದಕ್ಕೆ ಮತ್ತೆ ಜೀವ ಬಂದಿತು. ಅಲ್ಲಿ ಡೈವ್ ದೋಣಿಗಳು ಲಂಗರು ಎಸೆಯದೆ ಶಾಶ್ವತ ತೇಲುಬುರುಡೆಗಳಿಗೆ ಕಟ್ಟಿಕೊಳ್ಳುತ್ತವೆ. 1983-84ರಲ್ಲಿ ಕೆರಿಬಿಯನ್ನಿನ ಉದ್ದಮುಳ್ಳಿನ ಕಡಲ ಚೆಂಡುಗಳು ರೋಗದಿಂದ ಬಹುತೇಕ ನಾಶವಾಗಿ, ಪಾಚಿ ಮೇಯುವವರಿಲ್ಲದೆ ಹವಳಗಳು ಸೊರಗಿದವು. 2014ರಲ್ಲಿ ಮಯಾಮಿಯ ಬಳಿ ಕಂಡುಬಂದ ಹವಳದ ರೋಗವು 2018ರಲ್ಲಿ ಮೆಕ್ಸಿಕೋ ತೀರವನ್ನೂ 2023ರಲ್ಲಿ ಬೊನೇರನ್ನೂ ತಲುಪಿತು. ಹವಳವನ್ನು ಮುಟ್ಟಬೇಡಿರೆಂದು ಗದರುವ, ಸಲಕರಣೆಗಳನ್ನು ಸೋಂಕುನಾಶಕದಲ್ಲಿ ತೊಳೆಸುವ ಮಾರ್ಗದರ್ಶಕನನ್ನು ಕಿರಿಕಿರಿಯವನೆಂದು ಭಾವಿಸಬಾರದು. ತನ್ನ ಕಡಲನ್ನು ಕಾಯುವವನು ನಮ್ಮ ಮಕ್ಕಳನ್ನೂ ಕಾದಾನು.

ಇಷ್ಟೆಲ್ಲ ಕೇಳಿದರೆ ಅವರು ಏನೆಂದುಕೊಂಡಾರು ಎಂಬ ಸಂಕೋಚ ನಮ್ಮಲ್ಲಿ ಬಹಳ. ಪರದೇಶದಲ್ಲಿ, ಪರಭಾಷೆಯಲ್ಲಿ, ಬಲ್ಲವರೆನಿಸಿಕೊಂಡವರ ಮುಂದೆ ಸುಮ್ಮನಿರುವುದನ್ನು ನಾವು ಸೌಜನ್ಯವೆಂದು ಎಣಿಸುತ್ತೇವೆ. ಒಳ್ಳೆಯ ಡೈವ್ ಸಂಸ್ಥೆಗೆ ಇಂತಹ ಪ್ರಶ್ನೆಗಳು ಹೊಸವಲ್ಲ; ಅದರ ಬಳಿ ಉತ್ತರಗಳು ಸಿದ್ಧವಾಗಿಯೇ ಇರುತ್ತವೆ. ಸಿಡಿಮಿಡಿಗೊಂಡರೆ ಅದೂ ಒಂದು ಉತ್ತರವೇ.

ನಮ್ಮ ಉತ್ತರ ಕನ್ನಡದ ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತಲೂ ಈಗ ಸ್ಕೂಬಾ ನಡೆಯುತ್ತದೆ. ಕೆರಿಬಿಯನ್ನಿನಲ್ಲಿ ಕಲಿತ ಮಕ್ಕಳು ಊರಿಗೆ ಹೋದಾಗ ಅಲ್ಲಿಯೂ ಇಳಿಯಬಯಸಿಯಾರು. ಅಂದು ಇದೇ ಪ್ರಶ್ನೆಗಳನ್ನು ಕನ್ನಡದಲ್ಲಿಯೇ ಕೇಳಬಹುದು.