ನಾಡಿನ ಏಳಿಗೆಗೆ ಸಲಹೆಯಿತ್ತವರು

ಬಸವನಗುಡಿಯ ಅಂಚಿನಲ್ಲಿ ಟಾಟಾ ಸಿಲ್ಕ್ ಫಾರಂ ಎಂಬ ಹೆಸರಿನ ಭಾಗವೊಂದುಂಟು. ಹಿಪ್ಪುನೇರಳೆಯ ತೋಟ ಅಲ್ಲಿಂದ ಮಾಯವಾಗಿ ಎಷ್ಟೋ ಕಾಲವಾಯಿತು. ಹೆಸರು ಮಾತ್ರ ಜನರ ಬಾಯಲ್ಲಿಯೂ ಮನೆಯ ವಿಳಾಸಗಳಲ್ಲಿಯೂ ನಿಂತಿದೆ. ಆ ದಾರಿಯಲ್ಲಿ ದಿನವೂ ಓಡಾಡುವ ತಾವು, ರೇಷ್ಮೆಗೂ ಈ ಬೀದಿಗಳಿಗೂ ಏನು ಸಂಬಂಧವೆಂದು ಒಮ್ಮೆಯಾದರೂ ಯೋಚಿಸಿರಬಹುದು. ಜಮ್ಷೇಟ್‌ಜಿ ಟಾಟಾ ಅವರು 1893ರಲ್ಲಿ ಜಪಾನಿಗೆ ಹೋಗಿದ್ದರು. ಅಲ್ಲಿಯ ರೇಷ್ಮೆಯ ಕೆಲಸ ಅವರ ಮನಸ್ಸನ್ನು ಹಿಡಿಯಿತು. ಮೂರು ವರ್ಷಗಳ ತರುವಾಯ, ಮೈಸೂರು ಸರ್ಕಾರದ ನೆರವಿನಿಂದ, ಇಲ್ಲಿ ಒಂದು ಮಾದರಿಯ ರೇಷ್ಮೆ ತೋಟವನ್ನು ಹೂಡಿದರು. ಕೆಲಸ ಕಲಿಸಲು ಜಪಾನಿನಿಂದಲೇ ಬಲ್ಲವರನ್ನು ಕರೆಸಿದರು. ಹುಳು ಸಾಕುವುದು, ನೂಲು ತೆಗೆಯುವುದು ನಮ್ಮವರಿಗೆ ಹೊಸದಲ್ಲ. ಆದರೆ ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಗಂಟುರೋಗವಿಲ್ಲದ್ದರ ಮೊಟ್ಟೆಯನ್ನು ಮಾತ್ರ ಬಿತ್ತನೆಗೆ ಇಟ್ಟುಕೊಳ್ಳುವುದು ಹೊಸದು. 1910ರಲ್ಲಿ ಈ ತೋಟ ಸಾಲ್ವೇಶನ್ ಆರ್ಮಿಯವರ ಕೈಗೆ ಹೋಯಿತು.

ಆ ಪರೀಕ್ಷೆಯ ವಿಧಾನವನ್ನು ಮೊದಲು ಕಂಡುಹಿಡಿದವರು ಯಾರು ಬಲ್ಲಿರಾ? ಫ್ರಾನ್ಸಿನ ಲೂಯಿ ಪಾಶ್ಚರ್. 1865ರಲ್ಲಿ ಅಲ್ಲಿಯ ರೇಷ್ಮೆ ಬೆಳೆಗಾರರು ರೋಗದಿಂದ ನೆಲಕಚ್ಚಿದ್ದಾಗ ಸರ್ಕಾರ ಅವರನ್ನು ಕಳುಹಿಸಿತು. ಪಾಶ್ಚರ್ ವೃತ್ತಿಯಿಂದ ರಸಾಯನಶಾಸ್ತ್ರಜ್ಞರು. ಅದುವರೆಗೆ ರೇಷ್ಮೆಹುಳುವಿನ ತಂಟೆಗೆ ಹೋದವರೇ ಅಲ್ಲ. ಒಂದು ನಾಡಿನ ಜೀವನೋಪಾಯವನ್ನು ಉಳಿಸಲು ಹೋದವರು ಅರ್ಥಶಾಸ್ತ್ರಜ್ಞರಲ್ಲ, ಗಾಜಿನ ಬುರುಡೆಗಳ ನಡುವೆ ಬಾಳಿದ ಒಬ್ಬ ಪ್ರಾಧ್ಯಾಪಕರು.

ಇದನ್ನು ಇಲ್ಲಿ ಎತ್ತಲು ಕಾರಣವುಂಟು. ಈಗ ಊರಿನ ಅಭಿವೃದ್ಧಿಗೆ, ಹಳೆಯ ಪೇಟೆಯ ಜೀರ್ಣೋದ್ಧಾರಕ್ಕೆ, ಜಿಲ್ಲೆಯ ಕೈಗಾರಿಕೆಗೆ ಸಲಹೆ ಹೇಳುವುದೇ ಒಂದು ಉದ್ಯೋಗವಾಗಿದೆ. ಅವರಿಗೆ ಕನ್ಸಲ್ಟೆಂಟರೆಂದು ಹೆಸರು. ಶಾಲೆಯಲ್ಲಿ ಮಕ್ಕಳ ತಂದೆತಾಯಿಗಳು ನನ್ನನ್ನು ಕೇಳುವುದುಂಟು: ಮೇಷ್ಟ್ರೇ, ಆ ಕೆಲಸಕ್ಕೆ ಹುಡುಗ ಏನು ಓದಬೇಕು? ಕನ್ನಡ ಪಂಡಿತನಾದ ನಾನು ಇದಕ್ಕೆ ಏನು ಹೇಳಬಲ್ಲೆ! ಆದರೆ ನಮ್ಮ ಮೈಸೂರು ಸೀಮೆಗೆ ಸಲಹೆಯಿತ್ತವರು ಏನು ಓದಿ, ಯಾವ ಕೆಲಸ ಮಾಡಿ ಬಂದವರೆಂಬ ಸಂಗತಿ ಚರಿತ್ರೆಗೆ ಸೇರಿದ್ದು. ಅದನ್ನು ಹೇಳಬಹುದು.

ಮೊದಲಿನವರು ಲೆಕ್ಕಪತ್ರದ ಮತ್ತು ಕಾನೂನಿನ ಜನ. 1881ರಲ್ಲಿ ದಿವಾನರಾದ ರಂಗಾಚಾರ್ಲು ಅವರು ಮದರಾಸಿನ ಕಂದಾಯ ಇಲಾಖೆಯಲ್ಲಿ ಪಳಗಿದವರು. 1868ರಲ್ಲಿ ಅವರು ಮೈಸೂರಿಗೆ ಬಂದದ್ದು ಅರಮನೆಯ ವ್ಯವಹಾರಗಳನ್ನು ಸರಿಪಡಿಸಲು. ಅವರ ತರುವಾಯ 1883ರಿಂದ 1901ರವರೆಗೆ ದಿವಾನಗಿರಿ ಮಾಡಿದ ಶೇಷಾದ್ರಿ ಅಯ್ಯರವರು ಕಾನೂನು ಪದವೀಧರರು. ಶಿವನಸಮುದ್ರದ ನೀರಿನಿಂದ ವಿದ್ಯುಚ್ಛಕ್ತಿ ತೆಗೆಯಬಹುದೆಂಬ ಯೋಚನೆಯನ್ನು ಸಂಸ್ಥಾನದ ಇಂಜಿನಿಯರು ಜೋಲಿ ಡಿ ಲಾಟ್ಬಿನಿಯರ್ ಮುಂದಿಟ್ಟಾಗ, ವಕೀಲಿ ಓದಿದ ದಿವಾನರು ಅದನ್ನು ನಂಬಿ ಹಣ ಹಾಕಿಸಿದರು. 1902ರಲ್ಲಿ ಆ ಶಕ್ತಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪವಾಯಿತು. ಸಲಹೆ ಹೇಳುವವನ ಜಾಣ್ಮೆ ಒಂದು ಬಗೆ, ಸಲಹೆ ಕೇಳುವವನ ಜಾಣ್ಮೆ ಇನ್ನೊಂದು ಬಗೆ. ಎರಡನೆಯದು ಅಪರೂಪವೆಂದು ನನ್ನ ಎಣಿಕೆ.

ವಿಶ್ವೇಶ್ವರಯ್ಯನವರ ಕಥೆ ತಮಗೆಲ್ಲ ತಿಳಿದದ್ದೇ. ಒಂದು ಮಾತನ್ನು ಮಾತ್ರ ನೆನಪಿಸುತ್ತೇನೆ. ಅವರು 1881ರಲ್ಲಿ ನಮ್ಮ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿ, ಪುಣೆಯಲ್ಲಿ ಇಂಜಿನಿಯರಿಂಗ್ ಓದಿ, 1884ರಿಂದ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಇಪ್ಪತ್ತನಾಲ್ಕು ವರ್ಷ ದುಡಿದರು. ಆ ದುಡಿಮೆ ಬಹುಮಟ್ಟಿಗೆ ನೀರಿನ ದುಡಿಮೆ: ಸಕ್ಕರದ ಕುಡಿಯುವ ನೀರು, ಖಡಕವಾಸಲಾ ಕೆರೆಯ ತಾನೇ ತೆರೆದು ಮುಚ್ಚುವ ಬಾಗಿಲು, ಏಡನ್ ಊರಿನ ನೀರು ಮತ್ತು ಚರಂಡಿ. 1908ರಲ್ಲಿ ತಾವಾಗಿಯೇ ನಿವೃತ್ತಿ ಪಡೆದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದನ್ನು ಕೊಚ್ಚಿತು. ನಿಜಾಮರ ಸರ್ಕಾರ ಅವರನ್ನು ಸಲಹೆಗೆಂದು ಕರೆಯಿತು. ಈಗಿನ ಅರ್ಥದಲ್ಲಿ ಕನ್ಸಲ್ಟೆಂಟರಾಗಿ ಅವರು ಮಾಡಿದ ದೊಡ್ಡ ಕೆಲಸವೆಂದರೆ ಅದು. ಮೈಸೂರಿಗೆ ಚೀಫ್ ಇಂಜಿನಿಯರಾಗಿ ಬಂದದ್ದು 1909ರಲ್ಲಿ, ದಿವಾನರಾದದ್ದು 1912ರಲ್ಲಿ. ನೀರನ್ನು ಅಳೆದು, ಕಾಲಾವಧಿ ಗೊತ್ತುಮಾಡಿ, ಪಾಳಿಯ ಮೇಲೆ ಹಂಚಿದ ಕೈಯೇ ಆಮೇಲೆ ನಾಡಿನ ಸಂಪತ್ತನ್ನೂ ಹಾಗೆಯೇ ಅಳೆಯಲು ಹೊರಟಿತು. ಭಾರತಕ್ಕೆ ಯೋಜಿತ ಆರ್ಥಿಕ ವ್ಯವಸ್ಥೆ ಬೇಕೆಂದು 1934ರಲ್ಲಿ ಪುಸ್ತಕ ಬರೆದವರೂ ಈ ಇಂಜಿನಿಯರರೇ. ಅಳೆಯಲು ಬಾರದ ಸಂಗತಿಗಳ ಕಡೆಗೆ ಅವರ ದೃಷ್ಟಿ ಅಷ್ಟಾಗಿ ಹರಿಯಲಿಲ್ಲವೆಂದು ಹೇಳುವವರಿದ್ದಾರೆ. ಭದ್ರಾವತಿಯ ಕಬ್ಬಿಣದ ಕೆಲಸವನ್ನು ಅವರು ತೊಡಗಿಸಿದ್ದು ಮಹಾಯುದ್ಧ ಕಾಲದ ಬೆಲೆಗಳನ್ನು ನೋಡಿ. ಕುಲುಮೆ ಉರಿದದ್ದು 1923ರಲ್ಲಿ, ಬೆಲೆ ಬಿದ್ದುಹೋದ ಮೇಲೆ. ಕೊನೆಗೆ ಅವರೇ ಬಂದು ಆಡಳಿತ ವಹಿಸಿಕೊಂಡು ಅದನ್ನು ದಾರಿಗೆ ತರಬೇಕಾಯಿತು.

ಅವರ ಪ್ರೇರಣೆಯಿಂದ 1911ರಲ್ಲಿ ಕೂಡಿದ ಮೈಸೂರು ಆರ್ಥಿಕ ಸಮ್ಮೇಳನದಲ್ಲಿ ಕೃಷಿಗೆ, ವಿದ್ಯೆಗೆ, ಕೈಗಾರಿಕೆ ವ್ಯಾಪಾರಗಳಿಗೆ ಬೇರೆಬೇರೆ ಸಮಿತಿಗಳಾದವು. ಕೈಗಾರಿಕೆಗೆಂದು ಬಂದವರು ಆಲ್ಫ್ರೆಡ್ ಚಾಟರ್ಟನ್. ಇವರು ಮದರಾಸಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಅಲ್ಯೂಮಿನಿಯಂ ಪಾತ್ರೆ, ಕ್ರೋಮ್ ಹದದ ಚರ್ಮ, ಎಣ್ಣೆ ಇಂಜಿನಿನ ಪಂಪು, ಸೇಲಂನಲ್ಲಿ ಕೈಮಗ್ಗ ಹೀಗೆ ಒಂದೊಂದನ್ನೂ ಸ್ವತಃ ಮಾಡಿನೋಡಿದವರು. ಸರ್ಕಾರ ಹೀಗೆ ವ್ಯಾಪಾರಕ್ಕೆ ಕೈಹಾಕಕೂಡದೆಂದು ಲಂಡನ್ನಿನಿಂದ ಆಜ್ಞೆ ಬಂದು ಮದರಾಸಿನ ಅವರ ಕೆಲಸಕ್ಕೆ ತಡೆಯಾಯಿತು. ಅಲ್ಲಿ ಬೇಡವಾದವರು ನಮಗೆ ಲಾಭವಾದರು. 1914ರಲ್ಲಿ ಯುದ್ಧ ಬಂದು ಜರ್ಮನಿಗೆ ಹೋಗುತ್ತಿದ್ದ ಶ್ರೀಗಂಧ ಇಲ್ಲಿಯೇ ಉಳಿದಾಗ, ಮಲ್ಲೇಶ್ವರದ ಉತ್ತರಕ್ಕಿರುವ ಟಾಟಾ ವಿಜ್ಞಾನಮಂದಿರದ ರಸಾಯನಶಾಸ್ತ್ರಜ್ಞರು ಎಣ್ಣೆ ಇಳಿಸುವ ಬಗೆಯನ್ನು ಪ್ರಯೋಗಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆಯಾಯಿತು. ತಮ್ಮ ಬಚ್ಚಲಿನ ಗಂಧದ ಸಾಬೂನಿನ ವಂಶಾವಳಿ ಇಲ್ಲಿಂದ ಮೊದಲಾಗುತ್ತದೆ.

ಈ ಸಾಲಿನಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವವರು ಲೆಸ್ಲಿ ಕೋಲ್ಮನ್. ಕೆನಡಾ ದೇಶದವರು, ಜರ್ಮನಿಯ ಗಾಟಿಂಗೆನ್ನಿನಲ್ಲಿ ಡಾಕ್ಟರೇಟ್ ಪಡೆದವರು. 1908ರಲ್ಲಿ ಮೈಸೂರಿಗೆ ಬಂದದ್ದು ಬೂಷ್ಟು ಮತ್ತು ಕೀಟಗಳನ್ನು ಬಲ್ಲವರೆಂದು. ಆಗ ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗ. ಮುಂಗಾರು ಬಿರುಸಾದೊಡನೆ ಎಳೆಯ ಕಾಯಿ ಕೊಳೆತು ಉದುರುವುದು. ಒಂದು ಮಳೆಗಾಲದಲ್ಲಿ ವರ್ಷದ ಅನ್ನ ಹೋಗುವುದು. ಕೋಲ್ಮನ್ನರು ಆ ತೋಟಗಳಿಗೇ ಹೋದರು. ಅಲ್ಲಿ ಕಂಡದ್ದೇನು? ರೈತರು ಸುಮ್ಮನೆ ಕುಳಿತಿರಲಿಲ್ಲ. ಮಳೆ ಹಿಡಿಯುವ ಮುನ್ನ ಕೊನೆಗಾರನನ್ನು ಮರಕ್ಕೆ ಹತ್ತಿಸಿ ಗೊನೆಗೆ ಕೊಟ್ಟೆ ಕಟ್ಟಿಸುತ್ತಿದ್ದರು. ನೀರು ತಾಕದಿದ್ದರೆ ಕೊಳೆಯಿಲ್ಲವೆಂಬುದು ಅವರಿಗೆ ತಲೆತಲಾಂತರದಿಂದ ಗೊತ್ತಿತ್ತು. ಗೊತ್ತಿಲ್ಲದಿದ್ದುದು, ಆ ನೀರಿನಲ್ಲಿ ಈಜುತ್ತ ಕಾಯಿಗೆ ಹತ್ತುವ ಜೀವಿ ಯಾವುದೆಂಬುದು. ಅದನ್ನು ಕೋಲ್ಮನ್ನರು ಗುರುತಿಸಿದರು. ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ಬಳಕೆಯಲ್ಲಿದ್ದ ಬೋರ್ಡೋ ಮಿಶ್ರಣವನ್ನು, ಎಂದರೆ ಮೈಲುತುತ್ತ ಸುಣ್ಣಗಳ ದ್ರಾವಣವನ್ನು, ಮಳೆಗೆ ಮುಂಚೆಯೇ ಗೊನೆಗೆ ಸಿಂಪಡಿಸುವ ಕ್ರಮವನ್ನು ತಂದರು. ಇದರಲ್ಲಿ ಚೆಲುವೆಲ್ಲಿದೆ ನೋಡಿ: ರೈತನ ಕೊಟ್ಟೆ ಮಾಡುತ್ತಿದ್ದುದನ್ನೇ ತಾಮ್ರದ ತೆಳುವಾದ ಲೇಪ ಮಾಡಿತು. ಹಳೆಯ ಕೊನೆಗಾರನೇ ಮರ ಹತ್ತಿದ. ಹಳೆಯ ಕಾಲವೇ ಕೆಲಸದ ಕಾಲವಾಗಿ ಉಳಿಯಿತು. ಕೈಯಲ್ಲಿದ್ದ ಸಾಮಾನು ಮಾತ್ರ ಬದಲಾಯಿತು. ಈಗಲೂ ಮುಂಗಾರಿನ ಹೊಸ್ತಿಲಲ್ಲಿ ಮಲೆನಾಡಿನ ತೋಟಗಳಿಗೆ ತುತ್ತ-ಸುಣ್ಣ ಹೊಡೆಯುತ್ತಾರೆ. ಕೋಲ್ಮನ್ನರು 1913ರಲ್ಲಿ ಕೃಷಿ ಇಲಾಖೆಯ ಮುಖ್ಯಸ್ಥರಾದರು. 1934ರ ತನಕ ಇಲ್ಲಿಯೇ ಇದ್ದರು. ಇಪ್ಪತ್ತಾರು ವರ್ಷ! ವರದಿ ಬರೆದು ರೈಲು ಹತ್ತುವವರಿಗೆ ತಮ್ಮ ಮಾತು ಫಲಿಸಿತೋ ಇಲ್ಲವೋ ತಿಳಿಯುವುದೇ ಇಲ್ಲ. ಇವರಿಗೆ ಪ್ರತಿ ಮಳೆಗಾಲವೂ ಒಂದು ಪರೀಕ್ಷೆಯಾಗಿ ಬರುತ್ತಿತ್ತು.

ಆದರೆ ಗಾಟಿಂಗೆನ್ನಿನ ವಿದ್ಯೆ ತೀರ್ಥಹಳ್ಳಿಯ ತೋಟಕ್ಕೆ ಯಾವ ಭಾಷೆಯಲ್ಲಿ ಹೋಗಬೇಕು? ಆರ್ಥಿಕ ಸಮ್ಮೇಳನದವರಿಗೆ ಈ ಪ್ರಶ್ನೆ ಎದುರಾಯಿತು. ಕನ್ನಡವನ್ನು ಹೊಸ ವಿದ್ಯೆಗೆ ಅಣಿಗೊಳಿಸದೆ ರೈತನಿಗೂ ಕುಶಲಕರ್ಮಿಗೂ ಹೇಳುವುದೆಂತು? ಅಲ್ಲಿಯ ಆಲೋಚನೆಯಿಂದಲೇ 1915ರ ಮೇ ತಿಂಗಳಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತು. ಚಾಮರಾಜಪೇಟೆಯ ಪಂಪಮಹಾಕವಿ ರಸ್ತೆಯಲ್ಲಿ ಪರಿಷತ್ತಿನ ಮಂದಿರವನ್ನು ನೋಡುವವರು ಅದನ್ನು ಕವಿಗಳ ಮನೆಯೆಂದು ಭಾವಿಸುವುದು ಸಹಜ. ನಾವು ಪಂಡಿತರೂ ಹಾಗೆಯೇ ನಡೆದುಕೊಂಡಿದ್ದೇವೆ. ಅದರ ತವರುಮನೆ ಮಾತ್ರ ಗೊಬ್ಬರ, ಮಗ್ಗ, ಮಾರುಕಟ್ಟೆಗಳ ಚರ್ಚೆ ನಡೆದ ಸಭೆ. ಮೊದಲ ಅಧ್ಯಕ್ಷರಾದ ಎಚ್.ವಿ. ನಂಜುಂಡಯ್ಯನವರು ನ್ಯಾಯಾಧೀಶರಾಗಿದ್ದವರು, ಪತ್ರ ಬರೆಯುವ, ವ್ಯವಹಾರ ತಿಳಿಯುವ ಕನ್ನಡ ಗ್ರಂಥಗಳನ್ನು ರಚಿಸಿದವರು. ಪರಿಷತ್ತಿನ ಬೆನ್ನೆಲುಬಾಗಿ ನಿಂತ ಕರ್ಪೂರ ಶ್ರೀನಿವಾಸರಾಯರು ಇಂಜಿನಿಯರರು.

ತೋಟದ ಮಾತು ಬಂದುದರಿಂದ ಕ್ರುಂಬಿಗಲ್ಲರನ್ನು ಬಿಡುವಂತಿಲ್ಲ. ಜರ್ಮನಿಯವರಾದ ಇವರು ಲಂಡನ್ನಿನ ಕ್ಯೂ ತೋಟದಲ್ಲಿ ದುಡಿದು, ಬರೋಡೆಯ ಮಹಾರಾಜರಲ್ಲಿದ್ದು, 1908ರಲ್ಲಿ ಲಾಲ್‌ಬಾಗಿಗೆ ಬಂದರು. ಬೀದಿಗೆ ಯಾವ ಮರ ಎಂಬುದು ಬೆಂಗಳೂರಿನಲ್ಲಿ ಒಂದು ಶಾಸ್ತ್ರವಾದದ್ದು ಅವರಿಂದ. 1956ರಲ್ಲಿ ಇಲ್ಲಿಯೇ ಮಣ್ಣಾದರು.

ಇನ್ನು ಹಳೆಯ ಊರುಗಳ ಪುನರುದ್ಧಾರ. ಬಸವನಗುಡಿ ಮಲ್ಲೇಶ್ವರಗಳು ತುಂಬಿಕೊಂಡದ್ದು 1898ರ ಪ್ಲೇಗಿನ ತರುವಾಯವಷ್ಟೆ. ಗಾಳಿ ಬೆಳಕು ಬೇಕೆಂದು ವೈದ್ಯರು ಹೇಳಿದರು, ಇಂಜಿನಿಯರರು ನೇರವಾದ ರಸ್ತೆ ಎಳೆದರು. ಬಯಲಿನಲ್ಲಿ ಇದು ಸುಲಭ. ಜನ ತುಂಬಿದ ಹಳೆಯ ಪೇಟೆಗೂ ಇದೇ ಚಿಕಿತ್ಸೆಯೆಂದು ಮನೆಗಳನ್ನು ಸೀಳಿ ರಸ್ತೆ ಬಿಟ್ಟರೆ? ಕೂಡದೆಂದು ಹೇಳಿದವರು ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೀಸ್. ಜೀವಶಾಸ್ತ್ರಜ್ಞ ಹಕ್ಸ್‌ಲಿಯ ಶಿಷ್ಯರು. ಡಂಡಿಯಲ್ಲಿ 1888ರಿಂದ 1919ರವರೆಗೆ ಸಸ್ಯಶಾಸ್ತ್ರದ ಪ್ರಾಧ್ಯಾಪಕರು. 1914ರಲ್ಲಿ ಭಾರತಕ್ಕೆ ಬಂದು, ಮದರಾಸು ಪ್ರಾಂತ್ಯದ ಊರುಗಳನ್ನು ಸುತ್ತುತ್ತ, ಆಗ ಆ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಬಳ್ಳಾರಿಗೂ ಹೋದರು. ಊರು ಅವರಿಗೆ ಯಂತ್ರವಲ್ಲ, ಗಿಡ. ಮೊದಲು ಗಲ್ಲಿಗಲ್ಲಿ ತಿರುಗಿ ರೋಗ ಗುರುತಿಸಬೇಕು. ಆಮೇಲೆ ಬಿದ್ದ ಮನೆಯೊಂದನ್ನು ತೆಗೆದು ಸಣ್ಣ ಅಂಗಳ ಮಾಡಿ, ಮರ ನೆಟ್ಟು, ಉಳಿದವರನ್ನು ಉಳಿದಲ್ಲೇ ಬಿಡಬೇಕು. ಖರ್ಚೂ ಕಡಿಮೆ, ಕಣ್ಣೀರೂ ಕಡಿಮೆ. ನಗರಸಭೆಗಳು ಇದನ್ನು ಕೇಳಿದ್ದು ಅಲ್ಪವೇ.

ಮೈಸೂರಿನಲ್ಲಿ ಊರು ಚೆಲುವಾಗಬೇಕೆಂಬ ಹಟ ಹಿಡಿದವರು 1926ರಿಂದ 1941ರವರೆಗೆ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರು. ಓದಿದ್ದು ಬಿ.ಎ.; ಮೊದಲ ಉದ್ಯೋಗ ಪೊಲೀಸ್ ಇಲಾಖೆ; ಆಮೇಲೆ ಮಹಾರಾಜರ ಕಾರ್ಯದರ್ಶಿ. 1939ರಲ್ಲಿ ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಓಟೋ ಕೋನಿಗ್ಸ್‌ಬರ್ಗರ್ ಬಂದರು. ಬರ್ಲಿನ್ನಿನ ಯಹೂದಿ ತರುಣ. ಹಿಟ್ಲರನ ಕಾಲದಲ್ಲಿ ನಾಡು ಬಿಟ್ಟು ಈಜಿಪ್ಟಿಗೆ ಹೋಗಿ, ಅಲ್ಲಿಯ ಪುರಾತನ ಬಾಗಿಲುಗಳ ರಚನೆಯ ಮೇಲೆ ಪ್ರಬಂಧ ಬರೆದವರು. ಮಿರ್ಜಾ ಅವರಿಗೆ ಗುಮ್ಮಟ ಕಮಾನುಗಳ ಮೇಲೆ ಪ್ರೀತಿ. ಇವರಿಗೆ ಬಿಸಿಲು, ಗಾಳಿ, ಮಳೆಗಳ ಲೆಕ್ಕವೇ ಅಲಂಕಾರ. ವಿಜ್ಞಾನಮಂದಿರದ ಊಟದ ಮನೆಯೂ ಸಭಾಂಗಣವೂ ಅವರ ಕೈಯವು. 1948ರಲ್ಲಿ ನಿರಾಶ್ರಿತರಿಗೆ ಮನೆ ಕಟ್ಟಿಸಲು ದೆಹಲಿಗೆ ಹೋದರು. ಅಲ್ಲಿ ಕಾರ್ಖಾನೆಯಲ್ಲಿ ಮನೆಯ ಭಾಗಗಳನ್ನು ಅಚ್ಚುಹಾಕುವ ಯೋಜನೆ ಕೈಗೂಡಲಿಲ್ಲ. 1951ರಲ್ಲಿ ಭಾರತ ಬಿಟ್ಟರು. ಲಂಡನ್ನಿನಲ್ಲಿ ಅಧ್ಯಾಪಕರಾದರು. ಅಭಿವೃದ್ಧಿಯ ಯೋಜನೆಯನ್ನೇ ಒಂದು ವಿದ್ಯೆಯಾಗಿ ಕಲಿಸುವ ವಿಭಾಗವೊಂದು 1971ರಲ್ಲಿ ಅಲ್ಲಿಯ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರ ಕೈಯಿಂದ ಮೊದಲಾಯಿತು. ಬೇರೆಬೇರೆ ದೇಶಗಳಿಂದ ಅಲ್ಲಿಗೆ ಓದಲು ಹೋಗುವವರಲ್ಲಿ ನಮ್ಮ ಕಡೆಯ ಮಕ್ಕಳೂ ಇರುತ್ತಾರೆ.