ಮಾಂಸದ ಬಡತನ

ಬೆಳಗಾವಿಯಿಂದ ಖಾನಾಪುರದ ದಾರಿ ಹಿಡಿದರೆ ಪೀರನವಾಡಿ ಸಿಗುತ್ತದೆ. ಅಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆಯಿದೆ. ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಆ ವೀರನನ್ನು ಮುಪ್ಪು ಮುಟ್ಟಲಿಲ್ಲ. ಪ್ರತಿಮೆಯ ಮುಂದೆ ಕೋಲೂರಿಕೊಂಡು ಹೋಗುವ ಮುದುಕರ ಪಾಡು ಬೇರೆ. “ಯಾಕ ಅಜ್ಜಾ, ಇಷ್ಟ ಇಳದೀರಿ?” ಎಂದರೆ “ವಯಸ್ಸಾತಲ್ಲೋ ತಮ್ಮಾ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಒಂದು ಮಾತಿನ ಮರೆಯಲ್ಲಿ ಒಂದು ರೋಗವೇ ಬಹುಕಾಲ ಅಡಗಿಕೊಂಡಿತ್ತು.

ಅದಕ್ಕೆ ಹೆಸರು ಬಂದದ್ದು ತೀರ ಈಚೆಗೆ. ೧೯೮೮ರಲ್ಲಿ ಅಮೆರಿಕದ ಅಲ್ಬುಕರ್ಕಿಯಲ್ಲಿ ನಡೆದ ಸಭೆಯೊಂದರಲ್ಲಿ ಇರ್ವಿನ್ ರೋಸನ್‌ಬರ್ಗ್ ‘ಸಾರ್ಕೊಪೀನಿಯ’ ಎಂಬ ಪದವನ್ನು ಸೂಚಿಸಿದರು. ಗ್ರೀಕಿನಲ್ಲಿ ‘ಸಾರ್ಕ್ಸ್’ ಎಂದರೆ ಮಾಂಸ, ‘ಪೀನಿಯ’ ಎಂದರೆ ಬಡತನ. ಸ್ನಾಯುಕ್ಷಯವೆನ್ನಬಹುದು, ಆದರೆ ಕ್ಷಯವೆಂದೊಡನೆ ನಮ್ಮ ಜನಕ್ಕೆ ಬೇರೊಂದು ರೋಗ ನೆನಪಾಗುತ್ತದೆ. ಮಾಂಸದ ಬಡತನವೆನ್ನುವುದೇ ನನಗೆ ಮೆಚ್ಚು.

ವಿಚಿತ್ರವೆಂದರೆ, ಹೆಸರಿಗಿಂತ ಮೊದಲೇ ಅಳತೆ ಹುಟ್ಟಿತ್ತು. ಕಿವಿಗೆ ಕೇಳದ ಧ್ವನಿಯನ್ನು ಮೈಯೊಳಕ್ಕೆ ಕಳಿಸಿ, ಮರಳುವ ಮಾರ್ದನಿಯಿಂದ ಚಿತ್ರ ಬಿಡಿಸುವ ವಿದ್ಯೆಯನ್ನು ಗ್ಲಾಸ್ಗೋದ ಇಯನ್ ಡೊನಾಲ್ಡ್ ಮತ್ತು ಸಂಗಡಿಗರು ೧೯೫೮ರಲ್ಲಿ ಪ್ರಕಟಿಸಿದ್ದರು. ಹತ್ತು ವರ್ಷಗಳ ತರುವಾಯ ಜಪಾನಿನ ಇಕಾಯಿ ಮತ್ತು ಫುಕುನಾಗ ಅದರಿಂದಲೇ ತೋಳಿನ ಸ್ನಾಯುವಿನ ಗಾತ್ರವನ್ನಳೆದು ಬಲಕ್ಕೆ ಹೋಲಿಸಿದರು. ಮುಪ್ಪಿನ ಕಡೆಗೆ ತಿರುಗಿದವರು ಇಂಗ್ಲೆಂಡಿನ ಆರ್ಚಿ ಯಂಗ್. ಎಪ್ಪತ್ತರ ಹರೆಯದ ಹೆಂಗಸರ ತೊಡೆಯ ಮುಂದಣ ಸ್ನಾಯು ಇಪ್ಪತ್ತರ ಹರೆಯದವರದಕ್ಕಿಂತ ಶೇಕಡ ೩೩ರಷ್ಟು ಕಿರಿದು, ಶೇಕಡ ೩೫ರಷ್ಟು ದುರ್ಬಲ ಎಂದು ೧೯೮೪ರಲ್ಲಿ ಅವರ ತಂಡ ತೋರಿಸಿತು. ಮರುವರ್ಷ ಗಂಡಸರನ್ನು ಅಳೆದಾಗ ಗಾತ್ರ ಶೇಕಡ ೨೫ ಕಡಿಮೆ, ಬಲ ಶೇಕಡ ೩೯ ಕಡಿಮೆ! ಅಂದರೆ ಗಾತ್ರವೇ ಎಲ್ಲವೂ ಅಲ್ಲ. ಉಳಿದ ಮಾಂಸದ ಗುಣವೂ ಕೆಟ್ಟಿರಬಹುದು. ಕೊಬ್ಬು, ನಾರು ಸೇರಿದ ಸ್ನಾಯು ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಅಳೆಯುವವರ ಕೈ ಹಗುರವಾಗಿರಬೇಕು. ತುಸು ಒತ್ತಿದರೂ ಸ್ನಾಯು ಚಪ್ಪಟೆಯಾಗಿ ಲೆಕ್ಕ ತಪ್ಪುತ್ತದೆ. ಎಷ್ಟು ದಪ್ಪಕ್ಕಿಂತ ಕಡಿಮೆಯಾದರೆ ರೋಗವೆನ್ನಬೇಕೆಂಬ ಬಗ್ಗೆ ಪಂಡಿತರಲ್ಲಿ ಇನ್ನೂ ಒಮ್ಮತವಿಲ್ಲ.

ಕಂಡು ಫಲವೇನು ಎನ್ನುವಿರಾ? ೧೯೯೦ರಲ್ಲಿ ಬಾಸ್ಟನ್ನಿನಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿ ಎಂಟು ವಾರ ಕಾಲಿನಿಂದ ಭಾರವೆತ್ತಲು ತೊಡಗಿದರು. ಕಡೆಯವರೆಗೆ ನಿಂತ ಒಂಬತ್ತು ಮಂದಿಯ ಕಾಲಬಲ ಸರಾಸರಿ ಶೇಕಡ ೧೭೪ರಷ್ಟು ಏರಿತು. ‘ವಯಸ್ಸಾಯಿತಲ್ಲ’ ಎನ್ನುವ ಮಾತಿಗೆ ಇದಕ್ಕಿಂತ ದೊಡ್ಡ ಜವಾಬು ನನಗೆ ಗೊತ್ತಿಲ್ಲ.

ಹಾಗಾದರೆ ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಹಳ್ಳಿಯ ಕಟ್ಟೆಗೇ ಹೋಗಬಾರದೇಕೆ? ನಮ್ಮ ದೇಶದಲ್ಲಿ ಅದು ಸುಲಭವಲ್ಲ. ಗರ್ಭದಲ್ಲಿ ಹೆಣ್ಣೆಂದು ತಿಳಿದು ಕೊಲ್ಲುವ ಪಾಪಕ್ಕೆ ತಡೆಯಾಗಿ ೧೯೯೪ರಲ್ಲಿ ಕಾನೂನು ಬಂತು. ಹೊತ್ತೊಯ್ಯುವ ಯಂತ್ರಗಳ ಬಳಕೆಯನ್ನು ೨೦೧೨ರ ನಿಯಮಗಳು ಬಿಗಿಗೊಳಿಸಿದವು. ಆ ಬಿಗಿ ಬೇಕಾದದ್ದೇ, ನಾನು ತಕರಾರು ಹೇಳಲಾರೆ. ಆದರೆ ಮೊಮ್ಮಗಳಿಗಾಗಿ ಹಾಕಿದ ಬೇಲಿ ಅಜ್ಜಿಯ ದಾರಿಗೂ ಅಡ್ಡವಾಗಿದೆ.

ಅಲ್ಲಿಯವರೆಗೆ ದರ್ಜಿಯ ಟೇಪು ಇದೆ. ಏಷ್ಯದ ತಜ್ಞರು ೨೦೧೯ರಲ್ಲಿ ಹೇಳಿದಂತೆ, ಮೀನಖಂಡದ ಸುತ್ತಳತೆ ಗಂಡಸರಲ್ಲಿ ೩೪, ಹೆಂಗಸರಲ್ಲಿ ೩೩ ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಸಂಶಯಪಡಬೇಕು. ಆಮೇಲೆ ಕೈಹಿಡಿತದ ಬಲ, ಅದೂ ಕುಂದಿದ್ದರೆ ದವಾಖಾನೆ.