ಶರೀಫಜ್ಜನ ಗುಡುಗುಡಿ ಪದಕ್ಕೆ ಧಾಟಿ ಎಷ್ಟು?

ಕೆಲವು ವರ್ಷದ ಹಿಂದಿನ ಮಾತು. ಕೊಟ್ಟೂರು ತೇರಿಗೆ ಪಾದಯಾತ್ರೆ ಹೊರಟವರ ಸುದ್ದಿ ಮಾಡಲು ಹೋಗಿದ್ದೆ. ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿಯ ಗುಡಿಕಟ್ಟೆ ಮೇಲೆ ರಾತ್ರಿ ಭಜನೆ ನಡೆದಿತ್ತು. ಅಜ್ಜರೊಬ್ಬರು ದಮ್ಮಡಿ ಬಡಿಯುತ್ತಾ ಶಿಶುನಾಳ ಶರೀಫರ ಗುಡುಗುಡಿ ಪದ ಎತ್ತಿದರು. ಆ ಧಾಟಿ ನಾನು ಎಲ್ಲೂ ಕೇಳಿರಲಿಲ್ಲ.

ಪಕ್ಕದಲ್ಲಿದ್ದ ಹುಡುಗ, "ಅಜ್ಜಾ, ಧಾಟಿ ತಪ್ಪೈತಿ. ಯೂಟ್ಯೂಬ್‌ನಾಗ ಹಿಂಗಿಲ್ಲ" ಅಂದ.

"ನಮ್ಮ ಗುರುಗಳು ಕಲಿಸಿದ್ದು ಹಿಂಗ ತಮ್ಮಾ" ಅಂದರು ಅಜ್ಜ. ಹಾಡು ನಿಲ್ಲಲಿಲ್ಲ.

ಇಬ್ಬರಲ್ಲಿ ಯಾರು ಸರಿ?

ಶರೀಫರು ಹುಟ್ಟಿದ್ದು 1819ರಲ್ಲಿ, ಶಿಶುನಾಳದಲ್ಲಿ. ನಮ್ಮ ಹಡಗಲಿಯವರು ತುಂಗಭದ್ರೆ ದಾಟಿದರೆ ಸಿಗುವ ಹಾವೇರಿ ಜಿಲ್ಲೆಯಲ್ಲೇ ಆ ಊರಿದೆ. ಮುಸ್ಲಿಂ ಮನೆಯ ಶರೀಫರಿಗೆ ಕಳಸದ ಗೋವಿಂದ ಭಟ್ಟರು ಗುರು. ಸೋರುವ ಮಾಳಿಗೆ, ಕೋಳಿ, ಗುಡುಗುಡಿ, ಹೀಗೆ ಕಣ್ಣಿಗೆ ಬಿದ್ದದ್ದರ ಮೇಲೆಲ್ಲ ಪದ ಕಟ್ಟಿದರು. ಗುಡುಗುಡಿ ಪದ ಹೊಗೆ ಎಳೆಯುವ ಚಟದ ಹಾಡಲ್ಲ. ಒಳಗಿನ ಕೆಟ್ಟದ್ದನ್ನು ಸುಟ್ಟು ಹೊರಹಾಕು ಅನ್ನುವ ತತ್ವಪದ.

ಶರೀಫರು ತೀರಿಕೊಂಡದ್ದು 1889ರಲ್ಲಿ. ಎಡಿಸನ್ ದನಿ ಹಿಡಿಯುವ ಯಂತ್ರ ಮಾಡಿದ್ದು 1877ರಲ್ಲಿ. ಆದರೆ ಗ್ರಾಮೋಫೋನ್ ಕಂಪನಿಯವರು ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡದ್ದು 1902ರಲ್ಲಿ. ಅಷ್ಟೊತ್ತಿಗೆ ಶರೀಫರು ಹೋಗಿ 13 ವರ್ಷ. ಹಾಗಾಗಿ ಅವರ ದನಿ ಯಾವ ತಟ್ಟೆಯಲ್ಲೂ ಇಲ್ಲ. ಪದಗಳು ಬಾಯಿಂದ ಬಾಯಿಗೆ, ಭಜನೆಯಿಂದ ಭಜನೆಗೆ ಬಂದವು. ಒಂದೊಂದು ಊರಲ್ಲಿ ಒಂದೊಂದು ಧಾಟಿ ಹಿಡಿದವು.

ಆಮೇಲೆ ಕ್ಯಾಸೆಟ್ ಕಾಲ ಬಂತು. ಸಿ. ಅಶ್ವಥ್ ರಾಗ ಹಾಕಿದರು. ಅವರು, ಶಿವಮೊಗ್ಗ ಸುಬ್ಬಣ್ಣ ಹಾಡಿದ್ದು ಮನೆಮನೆಗೂ ಮುಟ್ಟಿತು. 1990ರಲ್ಲಿ ಟಿ.ಎಸ್. ನಾಗಾಭರಣ ಅವರ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂತು. ಅದಕ್ಕೂ ಅಶ್ವಥ್ ಅವರದೇ ಸಂಗೀತ. ಜನರ ಕಿವಿಯಲ್ಲಿ ಅದೇ 'ಮೂಲ ಧಾಟಿ' ಆಗಿಬಿಟ್ಟಿತು.

2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಂನಲ್ಲಿ ಗುಡುಗುಡಿ ಪದವನ್ನು ಗಿಟಾರ್, ಡ್ರಮ್ಸ್ ಜೊತೆ ಹಾಡಿದರು. ಲುಂಗಿ ಉಟ್ಟು, ಗೆಜ್ಜೆ ಕಟ್ಟಿ ವಿದೇಶದ ವೇದಿಕೆ ಹತ್ತಿದರು. ಕಾಲೇಜು ಹುಡುಗರು ಕುಣಿದರು. ಹಿರಿಯರು ಕೆಲವರು "ಪದ ಕೆಡಿಸಿದ" ಅಂದರು.

ಆದರೆ ಯೋಚಿಸಿ ನೋಡಿ. ಅಶ್ವಥ್ ಹಾಕಿದ್ದೂ ಅವರ ಕಾಲದ ಹೊಸ ರಾಗವೇ. ರಘು ದೀಕ್ಷಿತ್ ಮಾಡಿದ್ದೂ ಅದನ್ನೇ. ಧಾಟಿ ಬದಲಾದರೆ ಶರೀಫರ ಪದ ಕೆಡುವುದಿಲ್ಲ. ಬದಲಾಗುತ್ತಲೇ ಅದು ಇಲ್ಲಿವರೆಗೆ ಬಂದಿದೆ. ಕೆಡುಕು ಇರುವುದು ಬೇರೆ ಕಡೆ. ಮೊಬೈಲ್‌ನಲ್ಲಿ ಸಿಗುವುದೊಂದೇ ಸರಿ ಅಂದುಕೊಂಡು ನಮ್ಮ ಅಜ್ಜನಿಗೇ 'ತಪ್ಪು' ಅನ್ನುತ್ತೇವಲ್ಲ, ಅಲ್ಲಿ.

ಆವತ್ತು ನನ್ನ ಕೈಯಲ್ಲೂ ಮೊಬೈಲ್ ಇತ್ತು. ಸುದ್ದಿಗೆ ಬೇಕಾದ ಮೂರು ಫೋಟೊ ತೆಗೆದು ಬಂದೆ, ಹಾಡು ರೆಕಾರ್ಡ್ ಮಾಡಲಿಲ್ಲ. ಹೋದ ವರ್ಷ ಆ ಅಜ್ಜ ತೀರಿಕೊಂಡರು. ಆ ಧಾಟಿ ಈಗ ನನಗೆ ಅರ್ಧ ನೆನಪಿದೆ, ಅಷ್ಟೇ.

ಹರಪನಹಳ್ಳಿ ಇರಲಿ, ಹಗರಿಬೊಮ್ಮನಹಳ್ಳಿ ಇರಲಿ, ನಿಮ್ಮೂರ ಭಜನೆಯಲ್ಲಿ ಅಂಥ ಅಜ್ಜ, ಅಮ್ಮ ಇದ್ದರೆ ಕೇಳಿ ಅನುಮತಿ ತಗೊಂಡು ರೆಕಾರ್ಡ್ ಮಾಡಿ. ಹಾಡುವ ಮೊದಲು ಅವರ ಹೆಸರು, ಊರು, ಯಾರಿಂದ ಕಲಿತರು ಅನ್ನುವುದನ್ನು ಅವರ ಬಾಯಲ್ಲೇ ಹೇಳಿಸಿ. ಶರೀಫರ ಕಾಲಕ್ಕೆ ಆ ಯಂತ್ರ ನಮ್ಮ ಕಡೆ ಬಂದಿರಲಿಲ್ಲ. ಈಗ ನಮ್ಮ ಜೇಬಿನಲ್ಲೇ ಇದೆ.